ಹಿಟ್ಟು ತಿಗಣೆಯ ಒಳಗೆ ಸವೆದ ಜೀನೋಮ್

ಕಾಫಿ, ನಿಂಬೆ, ಕಿತ್ತಳೆ ಗಿಡಗಳ ಎಳೆ ರೆಂಬೆಗೆ ಬಿಳಿ ಹಿಟ್ಟು ಮೆತ್ತಿದಂತೆ ಅಂಟಿಕೊಳ್ಳುವ ಹಿಟ್ಟು ತಿಗಣೆ ಬೆಳೆಗಾರರಿಗೆ ಹಳೆಯ ಕಾಟ. ಕರ್ನಾಟಕದ ಕಾಫಿ ತೋಟಗಳಲ್ಲೂ ಕಾಣುವ ಪ್ಲಾನೊಕಾಕಸ್ ಸಿಟ್ರಿ ಎಂಬ ಜಾತಿಯ ಒಡಲಲ್ಲಿ ಟ್ರೆಂಬ್ಲಾಯಾ ಎಂಬ ಬ್ಯಾಕ್ಟೀರಿಯಾ ಇದೆ. ಅದರ ಜೀನೋಮ್ ಸುಮಾರು 1,39,000 ಬೇಸ್ ಜೋಡಿಗಳಷ್ಟೇ. ನಮ್ಮ ಕರುಳಿನ ಇ. ಕೋಲಿಯದು 46 ಲಕ್ಷ.

ತಿಗಣೆಗೆ ಇದು ಏಕೆ ಬೇಕು?

ತಿಗಣೆ ಬದುಕುವುದು ಗಿಡದ ರಸ ಹೀರಿ. ಅದರಲ್ಲಿ ಸಕ್ಕರೆ ಯಥೇಚ್ಛ, ಅಗತ್ಯ ಅಮೈನೋ ಆಮ್ಲಗಳು ತೀರಾ ಕಡಿಮೆ. ಆ ಕೊರತೆ ತುಂಬಲೆಂದೇ ಬ್ಯಾಕ್ಟೀರಿಯಾಗಳಿಗೆ ಮೀಸಲಾದ ಕೋಶಗಳಿವೆ. ತಾಯಿಯಿಂದ ಮರಿಗೆ ಈ ಬ್ಯಾಕ್ಟೀರಿಯಾಗಳು ಮೊಟ್ಟೆಯ ಮೂಲಕವೇ ದಾಟುತ್ತವೆ.

ಕುಗ್ಗುವ ಬಗೆ

ಹೊರಗೆ ಬದುಕಲು ಬೇಕಾದ ಎಷ್ಟೋ ವಂಶವಾಹಿಗಳು ಈ ಬೆಚ್ಚನೆಯ ಆಶ್ರಯದಲ್ಲಿ ಬೇಕಾಗುವುದಿಲ್ಲ. ಕೆಟ್ಟವು ಹಾಗೇ ಉಳಿದು, ಕ್ರಮೇಣ ಅಳಿಸಿಹೋಗುತ್ತವೆ. ಪ್ರತಿ ಪೀಳಿಗೆಯಲ್ಲಿ ಮೊಟ್ಟೆ ಸೇರುವ ಬ್ಯಾಕ್ಟೀರಿಯಾಗಳು ಕೆಲವೇ. ಹಾಗಾಗಿ ಹಾನಿಕರ ಬದಲಾವಣೆಗಳೂ ಆಕಸ್ಮಿಕವಾಗಿ ನೆಲೆಯೂರುತ್ತವೆ. ಕಳೆದುಕೊಂಡದ್ದನ್ನು ಕಡ ತರಲು ನೆರೆಯ ತಳಿಗಳೂ ಇಲ್ಲ. ಇದನ್ನು ದಕ್ಷತೆ ಎಂದು ಹೊಗಳುವವರಿದ್ದಾರೆ. ನನಗೆ ಇದು ಸವೆತವಾಗಿಯೇ ಕಾಣುತ್ತದೆ.

ಒಂದರೊಳಗೊಂದು

ಟ್ರೆಂಬ್ಲಾಯಾದಲ್ಲಿ ಪ್ರೋಟೀನ್ ತಯಾರಿಸುವ ವಂಶವಾಹಿಗಳು ಸುಮಾರು 120. ಅಮೈನೋ ಆಮ್ಲವನ್ನು ಸಾಗಣೆ ಆರ್‌ಎನ್‌ಎಗೆ ಜೋಡಿಸುವ ಕಿಣ್ವಗಳ ಪೈಕಿ ಕೆಲಸ ಮಾಡುವಂಥದ್ದು ಒಂದೂ ಇಲ್ಲ. ಅವಿಲ್ಲದೆ ಯಾವ ಜೀವಕೋಶವೂ ಪ್ರೋಟೀನ್ ಕಟ್ಟಲಾರದು!

ಹಾಗಾದರೆ ಬದುಕಿರುವುದು ಹೇಗೆ? ಟ್ರೆಂಬ್ಲಾಯಾದ ಒಳಗೇ ಇನ್ನೊಂದು ಬ್ಯಾಕ್ಟೀರಿಯಾ ವಾಸವಾಗಿದೆ, ಹೆಸರು ಮೊರನೆಲ್ಲಾ. ಬ್ಯಾಕ್ಟೀರಿಯಾದೊಳಗೆ ಬ್ಯಾಕ್ಟೀರಿಯಾ ಇರುವ ಈ ಸಂಗತಿ 2001ರಲ್ಲಿ ಖಚಿತವಾಯಿತು. ಮೊರನೆಲ್ಲಾದ ಜೀನೋಮ್ ಸುಮಾರು 5,38,000 ಬೇಸ್ ಜೋಡಿ, ಅಂದರೆ ಆಶ್ರಯದಾತನದಕ್ಕಿಂತ ಸುಮಾರು ನಾಲ್ಕು ಪಟ್ಟು. ಫಿನೈಲ್‌ಅಲನೀನ್ ತಯಾರಿಕೆಯ ಕೆಲವು ಹಂತಗಳು ಟ್ರೆಂಬ್ಲಾಯಾದ್ದು, ಕೆಲವು ಮೊರನೆಲ್ಲಾದ್ದು. ಒಬ್ಬರಿಂದಲೇ ಮುಗಿಯುವ ಕೆಲಸವಲ್ಲ.

ಇತರ ಉದಾಹರಣೆಗಳು

ಸಸ್ಯಹೇನಿನ ಬುಕ್ನೆರಾದ ಜೀನೋಮ್ (ಸುಮಾರು 6,40,000) 2000ದಲ್ಲಿ, ಸಿಲ್ಲಿಡ್ ಕೀಟದ ಕಾರ್ಸೊನೆಲ್ಲಾದ್ದು (1,60,000) 2006ರಲ್ಲಿ, ಜಿಗಿಹುಳುವಿನ ನಸುಯಿಯಾದ್ದು (1,12,000) 2013ರಲ್ಲಿ ಪ್ರಕಟವಾದವು.

ಹೊಸ ಮೈಟೊಕಾಂಡ್ರಿಯವೇ?

ಒಂದು ಕಾಲದಲ್ಲಿ ಬ್ಯಾಕ್ಟೀರಿಯಾ ಆಗಿದ್ದು ಈಗ ಕೋಶಾಂಗವಾಗಿರುವ ಮೈಟೊಕಾಂಡ್ರಿಯ ತನ್ನ ಬಹಳಷ್ಟು ವಂಶವಾಹಿಗಳನ್ನು ಆಶ್ರಯ ನೀಡಿದ ಕೋಶದ ಬೀಜಕೇಂದ್ರಕ್ಕೆ ದಾಟಿಸಿತು. ಇಲ್ಲಿ ಹಾಗಾಗಿಲ್ಲ. ಹಿಟ್ಟು ತಿಗಣೆಯ ಜೀನೋಮಿನಲ್ಲಿ ಬ್ಯಾಕ್ಟೀರಿಯಾ ಮೂಲದ ಕನಿಷ್ಠ 22 ಸಕ್ರಿಯ ವಂಶವಾಹಿಗಳಿರುವುದು 2013ರಲ್ಲಿ ತಿಳಿಯಿತು. ಅವು ಬಂದದ್ದು ಬೇರೆ ಬೇರೆ ಬ್ಯಾಕ್ಟೀರಿಯಾಗಳಿಂದ. ಟ್ರೆಂಬ್ಲಾಯಾದಿಂದ ಒಂದೂ ಬಂದಿಲ್ಲ. ಆದ್ದರಿಂದ ಅದನ್ನು ಈಗಲೇ ಕೋಶಾಂಗ ಎನ್ನುವುದು ಅವಸರದ ಮಾತು.