ಗೆದ್ದವರ ಬಂಡಾಯ

ಅಮೆರಿಕದ ಬಲಪಂಥೀಯರೆಂದರೆ ಕಾಲದ ಓಟದಲ್ಲಿ ಹಿಂದುಳಿದು ಕಂಗೆಟ್ಟವರು ಎಂಬ ಗ್ರಹಿಕೆಯನ್ನು ರಿಚರ್ಡ್ ಹಾಫ್‌ಸ್ಟಾಟರ್‌ರಂಥ ವಿದ್ವಾಂಸರು ಬೆಳೆಸಿದ್ದರು. 2001ರಲ್ಲಿ ‘ಸಬರ್ಬನ್ ವಾರಿಯರ್ಸ್’ ಬರೆದ ಇತಿಹಾಸಕಾರ್ತಿ ಲೀಸಾ ಮೆಕ್‌ಗರ್ ಅದನ್ನು ಬುಡಮೇಲು ಮಾಡಿದರು. ಅವರು ಆರಿಸಿಕೊಂಡದ್ದು ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿ. 1950ರಲ್ಲಿ ಎರಡು ಲಕ್ಷ ಚಿಲ್ಲರೆ ಇದ್ದ ಜನಸಂಖ್ಯೆ ಹತ್ತೇ ವರ್ಷದಲ್ಲಿ 7 ಲಕ್ಷ ಮುಟ್ಟಿದ, ಕಿತ್ತಳೆ ತೋಟ ಕಡಿದು ಬಡಾವಣೆ ಎಬ್ಬಿಸಿದ ಸೀಮೆ. 1964ರಲ್ಲಿ ರಿಪಬ್ಲಿಕನ್ ಅಧ್ಯಕ್ಷೀಯ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಪರವಾಗಿ ಅಲ್ಲಿ ಬಾಗಿಲು ಬಾಗಿಲು ತಟ್ಟಿದವರು ಎಂಜಿನಿಯರುಗಳು, ವೈದ್ಯರು, ಗೃಹಿಣಿಯರು. ನೆರೆಯವರನ್ನು ಕಾಫಿಗೆ ಕರೆದು ಕಮ್ಯುನಿಸಂ ವಿರೋಧಿ ಕರಪತ್ರ ಕೈಗಿಡುವುದು ಅವರ ರಾಜಕಾರಣ. ತಮಾಷೆಯೆಂದರೆ, ಸರ್ಕಾರ ದೂರ ಸರಿಯಲಿ ಎಂದು ಕೂಗಿದ ಈ ಸೀಮೆಯ ಸಿರಿ ಬಂದದ್ದೇ ಸರ್ಕಾರದ ರಕ್ಷಣಾ ಗುತ್ತಿಗೆಗಳಿಂದ!

ಇದೆಲ್ಲ ಬಿಳಿಯರ ಬಡಾವಣೆ ಕಾಯುವ ನೆಪವಷ್ಟೇ ಎನ್ನುವವರಿದ್ದಾರೆ. ಆಕ್ಷೇಪ ಪೊಳ್ಳಲ್ಲ: ಮನೆ ಮಾರಾಟದಲ್ಲಿ ಜನಾಂಗಭೇದ ತಡೆಯುವ ಕಾನೂನನ್ನು ರದ್ದುಗೊಳಿಸುವ ಪ್ರೊಪೊಸಿಷನ್ 14 ಎಂಬ, ಮತದಾರರ ಮುಂದಿಟ್ಟ ಪ್ರಸ್ತಾವ ಅದೇ ವರ್ಷ ರಾಜ್ಯದಲ್ಲಿ ಭಾರೀ ಬಹುಮತದಿಂದ ಗೆದ್ದಿತು. ಆದರೆ ಅದೇ ದಿನ ಅದೇ ರಾಜ್ಯ ಗೋಲ್ಡ್‌ವಾಟರ್‌ರನ್ನು ಸೋಲಿಸಿತು. ಆರೆಂಜ್ ಕೌಂಟಿ ಮಾತ್ರ ಅವರ ಕೈಬಿಡಲಿಲ್ಲ. ಎಲ್ಲೆಡೆ ಇದ್ದ ಜನಾಂಗಭಯವೊಂದೇ ಈ ವ್ಯತ್ಯಾಸವನ್ನು ವಿವರಿಸಲಾರದು. ಸಂಘಟನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 1966ರಲ್ಲಿ ರೊನಾಲ್ಡ್ ರೇಗನ್ ಗವರ್ನರ್ ಹುದ್ದೆಗೆ ನಿಂತಾಗ ಆ ಕಾಫಿಕೂಟಗಳ ಜಾಲ ಸಿದ್ಧವಾಗಿಯೇ ಇತ್ತು.