ಟ್ಯಾಂಕಿಗಿಂತ ನೆಲ ದೊಡ್ಡದು

ಹೂತ ಟ್ಯಾಂಕನ್ನು ಎಳೆದು ತಂದು ದುರಸ್ತಿ ಮಾಡುವುದು ಸೇನೆಯ ಇಎಂಇ ದಳದ ಕೆಲಸ. ಆ ವಿದ್ಯೆ ಕಲಿಸುವ ಶಾಲೆಯೊಂದು ವಡೋದರದ ಫತೇಗಂಜ್‌ನಲ್ಲಿದೆ. ಟ್ಯಾಂಕುಗಳು ಹೂಳುವುದೇಕೆ? ಉತ್ತರ ಮೂರು ರಣರಂಗಗಳಲ್ಲಿದೆ.

1948ರ ನವೆಂಬರ್ 1ರಂದು ಕೊಡಗಿನ ತಿಮ್ಮಯ್ಯನವರ ಪಡೆ ಸ್ಟುವರ್ಟ್ ಟ್ಯಾಂಕುಗಳನ್ನು ಹಿಮದ ಜೋಜಿಲಾ ಘಾಟಿಗೆ ಏರಿಸಿತು. ಅದಕ್ಕೂ ಮೊದಲು ಮದ್ರಾಸ್ ಸ್ಯಾಪರ್ಸ್ ಯೋಧರು ಹೇಸರಗತ್ತೆಯ ದಾರಿಯನ್ನು ಅಗಲಿಸಿದ್ದರು. 1965ರಲ್ಲಿ ಪಂಜಾಬಿನ ಅಸಲ್ ಉತ್ತರದಲ್ಲಿ ಇದಕ್ಕೆ ತದ್ವಿರುದ್ಧ: ಭಾರತೀಯರು ಹೊಲಗಳಿಗೆ ನೀರು ಹರಿಸಿದರು. ಸುಮಾರು 45 ಟನ್ ತೂಕದ ಪಾಕಿಸ್ತಾನಿ ಪ್ಯಾಟನ್‌ಗಳು ಕೆಸರಿನಲ್ಲಿ ಸಿಕ್ಕಿಬಿದ್ದವು. 1971ರ ಡಿಸೆಂಬರ್‌ನಲ್ಲಿ ಲೋಂಗೇವಾಲಾದ ಸಡಿಲ ಮರಳು ಪಾಕಿಸ್ತಾನಿ ವಾಹನಗಳನ್ನು ಹಿಡಿದಿಟ್ಟಿತು. ಬೆಳಗಾಗುತ್ತಲೇ ಅವು ಹಂಟರ್ ವಿಮಾನಗಳಿಗೆ ಗುರಿಯಾದವು.

ಅಗಲವಾದ ಪಟ್ಟಿ ಭಾರವನ್ನು ಹಂಚಬಲ್ಲದು. ನೆಲಕ್ಕಿಲ್ಲದ ಗಟ್ಟಿತನವನ್ನು ಕೊಡಲಾರದು. ಜೋಜಿಲಾದಲ್ಲಿ ಸೈನಿಕರು ನೆಲವನ್ನು ಮೊದಲು ಸಿದ್ಧಗೊಳಿಸಿದರು, ಯಂತ್ರ ಆಮೇಲೆ ಬಂತು.