ಫುತೋನ್

ಫುತೋನ್ ಎಂಬುದು ಜಪಾನಿನ ಸಾಂಪ್ರದಾಯಿಕ ಹಾಸುಹೊದಿಕೆ. ಮಂಚದ ನೆರವಿಲ್ಲದೆ ರಾತ್ರಿ ನೆಲದ ಮೇಲೆ ಬಿಡಿಸಿ ಮಲಗಲು ಹಾಗೂ ಬೆಳಗ್ಗೆ ಮಡಚಿ ಎತ್ತಿಡಲು ಅನುಕೂಲವಾಗುವಂತೆ ಇದನ್ನು ರೂಪಿಸಲಾಗಿದೆ. ಜಪಾನೀ ಭಾಷೆಯಲ್ಲಿ ಈ ಪದವು ಕೆಳಗೆ ಹಾಸುವ ಹಾಸಿಗೆ ಮತ್ತು ಮೇಲೆ ಹೊದೆಯುವ ರಜಾಯಿ ಇವೆರಡನ್ನೂ ಒಳಗೊಳ್ಳುತ್ತದೆ. ಇಂಗ್ಲಿಷಿನ ಮೂಲಕ 'ಫುಟಾನ್' ಎಂಬ ರೂಪದಲ್ಲಿ ಇತರ ದೇಶಗಳಿಗೆ ಹರಡಿದ ಪದವಾದರೋ ಬಹುಮಟ್ಟಿಗೆ ಮರದ ಚೌಕಟ್ಟಿನ ಮೇಲಿಡುವ ದಪ್ಪ ಹಾಸಿಗೆಯನ್ನು ಅಥವಾ ಸೋಫಾ ಆಗಿ ಮಡಚಬಲ್ಲ ಹಾಸಿಗೆಯನ್ನು ಸೂಚಿಸುತ್ತದೆ.

ಸಣ್ಣ ಮನೆಗಳಲ್ಲಿ ವಾಸಿಸುವವರು ಹಾಗೂ ಸರಳವಾದ ಒಳಾಂಗಣ ವಿನ್ಯಾಸವನ್ನು ಮೆಚ್ಚುವವರು ಮಂಚಕ್ಕೆ ಬದಲಾಗಿ ಫುತೋನನ್ನು ಆರಿಸಿಕೊಳ್ಳುವುದುಂಟು. ಆದರೆ ಪ್ರತಿದಿನ ಎತ್ತಿ, ಗಾಳಿಗೊಡ್ಡಿ, ಮಡಚಿಡುವ ಅಭ್ಯಾಸವಿಲ್ಲದಿದ್ದಲ್ಲಿ ಹಾಸಿಗೆಯ ತಳದಲ್ಲಿ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಈ ಕಾರಣದಿಂದ ಫುತೋನನ್ನು ಅದು ಬೆಳೆದುಬಂದ ಕೋಣೆ, ನೆಲಹಾಸು, ಗೋಡೆಯ ಗೂಡು ಮತ್ತು ದಿನಚರಿಗಳಿಂದ ಬೇರ್ಪಡಿಸಿ ಅರ್ಥಮಾಡಿಕೊಳ್ಳುವುದು ಕಷ್ಟ.

ಹೆಸರಿನ ಮೂಲ

'ಫುತೋನ್' ಪದವನ್ನು ಎರಡು ಚೀನೀ ಲಿಪಿಚಿಹ್ನೆಗಳಿಂದ ಬರೆಯುತ್ತಾರೆ. ಹಳೆಯ ಬರಹದಲ್ಲಿ ಮೊದಲ ಚಿಹ್ನೆಯ ಅರ್ಥ ಜೊಂಡುಹುಲ್ಲು. ಎರಡನೆಯದರ ಅರ್ಥ ದುಂಡನೆಯದು. ಝೆನ್ ಬೌದ್ಧ ಭಿಕ್ಷುಗಳು ಧ್ಯಾನಕ್ಕೆ ಕುಳಿತುಕೊಳ್ಳಲು ಬಳಸುತ್ತಿದ್ದ ಜೊಂಡಿನ ದುಂಡನೆಯ ಆಸನಕ್ಕೆ ಈ ಹೆಸರಿತ್ತು. ಹತ್ತಿ ತುಂಬಿದ ಹಾಸಿಗೆ ಬಳಕೆಗೆ ಬಂದ ಮೇಲೆ ಹೆಸರು ಅದಕ್ಕೆ ವರ್ಗವಾಯಿತು. ಕಾಲಕ್ರಮದಲ್ಲಿ ಜೊಂಡಿನ ಚಿಹ್ನೆಯ ಸ್ಥಾನದಲ್ಲಿ 'ಬಟ್ಟೆ' ಎಂಬ ಅರ್ಥದ ಚಿಹ್ನೆಯನ್ನು ಬರೆಯುವುದು ರೂಢಿಯಾಯಿತು. ಕುಳಿತುಕೊಳ್ಳುವ ಚೌಕ ಮೆತ್ತೆಯನ್ನು ಇಂದಿಗೂ 'ಝಾಬುತೋನ್' ಎಂದೇ ಕರೆಯುತ್ತಾರೆ.

ಸಮಾಸದಲ್ಲಿ ಉತ್ತರಪದವಾಗಿ ಬಂದಾಗ 'ಫುತೋನ್' ಎಂಬುದು 'ಬುತೋನ್' ಆಗುತ್ತದೆ. ಕನ್ನಡದ ಆದೇಶಸಂಧಿಯಲ್ಲಿ 'ಕಣ್ + ಪನಿ' ಎಂಬುದು 'ಕಂಬನಿ' ಆಗುವುದನ್ನು ಇದು ಹೋಲುತ್ತದೆ.

ಭಾಗಗಳು

ಒಬ್ಬರಿಗೆ ಬೇಕಾಗುವ ಹಾಸುಹೊದಿಕೆಯಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ.

ಶಿಕಿಬುತೋನ್: ಕೆಳಗೆ ಹಾಸುವ ಹಾಸಿಗೆ. ಒಬ್ಬರು ಮಲಗುವ ಹಾಸಿಗೆಯು ಸುಮಾರು 100 ಸೆಂಟಿಮೀಟರ್ ಅಗಲ, 200ರಿಂದ 210 ಸೆಂಟಿಮೀಟರ್ ಉದ್ದವಿರುತ್ತದೆ. ದಪ್ಪ ಸಾಮಾನ್ಯವಾಗಿ 5ರಿಂದ 10 ಸೆಂಟಿಮೀಟರ್. ಇದರಿಂದಾಗಿ ಮೂರು ಮಡಿಕೆಯಾಗಿ ಮಡಚಿ ಒಬ್ಬರೇ ಎತ್ತಿಕೊಂಡು ಹೋಗಬಹುದು.

ಕಾಕೆಬುತೋನ್: ಮೇಲೆ ಹೊದೆಯುವ ರಜಾಯಿ. ಇದರಲ್ಲಿ ಹತ್ತಿ, ರೇಷ್ಮೆಯ ಅರಳೆ, ಹಕ್ಕಿಯ ತುಪ್ಪುಳ ಅಥವಾ ಪಾಲಿಯೆಸ್ಟರ್ ತುಂಬಿರುತ್ತದೆ. ಬೇಸಿಗೆಯಲ್ಲಿ ಇದರ ಬದಲು ತೆಳುವಾದ ಹೊದಿಕೆಯನ್ನು ಬಳಸುತ್ತಾರೆ.

ಮಕುರಾ: ದಿಂಬು. ಹುರುಳಿಗೋಧಿಯ ಸಿಪ್ಪೆ ತುಂಬಿದ ಗಟ್ಟಿ ದಿಂಬು ಸಾಂಪ್ರದಾಯಿಕವಾದುದು.

ಹಾಸಿಗೆಗೂ ರಜಾಯಿಗೂ ಒಗೆಯಬಹುದಾದ ಗವಸುಗಳಿರುತ್ತವೆ. ಇವೆಲ್ಲವನ್ನೂ ತತಾಮಿ ಎಂಬ ನೆಲಹಾಸಿನ ಮೇಲೆ ಹಾಸಲಾಗುತ್ತದೆ. ಒತ್ತಿ ಹೊಲಿದ ಭತ್ತದ ಹುಲ್ಲಿನ ಒಳಪದರ ಹಾಗೂ ಹೆಣೆದ ಆಪಿನ ಮೇಲ್ಪದರಗಳುಳ್ಳ ಈ ನೆಲಹಾಸು ತುಸು ಮೆತ್ತಗಿದ್ದು, ತೇವವನ್ನು ಹೀರಿ ಮತ್ತೆ ಗಾಳಿಗೆ ಬಿಟ್ಟುಕೊಡುತ್ತದೆ. ತೆಳುವಾದ ಹಾಸಿಗೆಯ ಮೇಲೆ ಮಲಗುವುದು ಸಾಧ್ಯವಾಗುವುದು ಬಹುಪಾಲು ಈ ನೆಲಹಾಸಿನಿಂದಲೇ.

ಇತಿಹಾಸ

ಹತ್ತಿಗೆ ಮುಂಚೆ

ಹೇಯಾನ್ ಕಾಲದಲ್ಲಿ (794–1185) ತತಾಮಿಯು ಕೋಣೆಯನ್ನೆಲ್ಲ ತುಂಬುವ ನೆಲಹಾಸಾಗಿರಲಿಲ್ಲ. ಹಲಗೆಯ ನೆಲದ ಮೇಲೆ ಶ್ರೀಮಂತರು ಕುಳಿತುಕೊಳ್ಳುವ ಅಥವಾ ಮಲಗುವ ಜಾಗದಲ್ಲಿ ಮಾತ್ರ ಅದನ್ನು ಹಾಸುತ್ತಿದ್ದರು. ತೊಟ್ಟ ಬಟ್ಟೆಯನ್ನೇ ಬಿಚ್ಚಿ ಹೊದೆಯುತ್ತಿದ್ದರು. ಬಡವರ ಪಾಲಿಗೆ ಹುಲ್ಲು ಮತ್ತು ಒರಟು ಚಾಪೆಗಳೇ ಹಾಸಿಗೆಯಾಗಿದ್ದವು. ಕೋಣೆಯ ನೆಲಕ್ಕೆಲ್ಲ ತತಾಮಿ ಹಾಸುವ ಪದ್ಧತಿ ಉಳ್ಳವರ ಮನೆಗಳಲ್ಲಿ ಬೆಳೆದದ್ದು ಮುರೊಮಾಚಿ ಕಾಲದಲ್ಲಿ (1336–1573).

ಹತ್ತಿಯ ಆಗಮನ

ಜಪಾನಿಗೆ ಹತ್ತಿಯ ಬೀಜ ಬಂದ ಮೊದಲ ದಾಖಲೆಯಲ್ಲಿ ಭಾರತದ ಪ್ರಸ್ತಾಪವಿದೆ. 799ರಲ್ಲಿ ಮಿಕಾವಾ ಪ್ರಾಂತದ (ಇಂದಿನ ಐಚಿ ಪ್ರಾಂತ) ತೀರಕ್ಕೆ ಸಣ್ಣ ದೋಣಿಯಲ್ಲಿ ತೇಲಿಬಂದ ತರುಣನೊಬ್ಬನ ಬಳಿ ಹತ್ತಿಯ ಬೀಜಗಳಿದ್ದವು; ಜಪಾನೀ ಭಾಷೆಯನ್ನು ಕಲಿತ ಬಳಿಕ ಆತ ತಾನು 'ತೆಂಜಿಕು', ಅಂದರೆ ಭಾರತ ದೇಶದವನೆಂದು ಹೇಳಿಕೊಂಡನು ಎಂದು ಪ್ರಾಚೀನ ರಾಜವೃತ್ತಾಂತವು ತಿಳಿಸುತ್ತದೆ. ಮರುವರ್ಷ ಆ ಬೀಜಗಳನ್ನು ಹಲವು ಪ್ರಾಂತಗಳಲ್ಲಿ ಬಿತ್ತಲಾಯಿತು. ಆದರೆ ಬೆಳೆ ನೆಲೆಯೂರಲಿಲ್ಲ. ಈ ಘಟನೆಯ ನೆನಪಿಗೆ ಐಚಿ ಪ್ರಾಂತದ ನಿಶಿಯೊ ನಗರದಲ್ಲಿ ಒಂದು ಶಿಂತೋ ದೇವಾಲಯವಿದೆ.

ಹತ್ತಿಯ ಬೇಸಾಯ ಸ್ಥಿರವಾಗಿ ಹರಡಿದ್ದು 16ನೆಯ ಶತಮಾನದಿಂದೀಚೆಗೆ. ಎದೋ ಕಾಲದಲ್ಲಿ (1603–1868) ಹತ್ತಿ ತುಂಬಿದ ಹಾಸಿಗೆ ಬಳಕೆಗೆ ಬಂದರೂ ಅದು ದುಬಾರಿಯ ವಸ್ತುವಾಗಿತ್ತು. ಹೊದೆಯಲು ತೋಳುಗಳುಳ್ಳ, ದೊಡ್ಡ ನಿಲುವಂಗಿಯ ಆಕಾರದ ಹತ್ತಿಯ ಹೊದಿಕೆಯೊಂದು ಬಳಕೆಯಲ್ಲಿತ್ತು. ಅದರ ಹೆಸರು 'ಯೋಗಿ', ಎಂದರೆ ರಾತ್ರಿಯ ಉಡುಪು. ಭಾರತೀಯ ಭಾಷೆಗಳ 'ಯೋಗಿ' ಪದಕ್ಕೂ ಇದಕ್ಕೂ ಸಂಬಂಧವಿಲ್ಲ. ಎದೋ ನಗರದಲ್ಲಿ ಹಾಸಿಗೆಗಳನ್ನು ದಿನಬಾಡಿಗೆಗೆ ಕೊಡುವ ಅಂಗಡಿಗಳಿದ್ದವು. ಬಡವರು ಹಾಸಿಗೆಯನ್ನು ಗಿರವಿ ಇಡುವುದೂ ಸಾಮಾನ್ಯವಾಗಿತ್ತು. ಇದೇ ವೇಳೆಗೆ ಯೊಶಿವಾರಾ ಗಣಿಕಾಕೇರಿಯ ಪ್ರಸಿದ್ಧ ಗಣಿಕೆಯರಿಗೆ ಶ್ರೀಮಂತರು ಒಂದರ ಮೇಲೊಂದು ಪೇರಿಸಿದ ಮೂರು ದಪ್ಪ ಹಾಸಿಗೆಗಳನ್ನು ಉಡುಗೊರೆಯಾಗಿ ನೀಡುತ್ತಿದ್ದರು.

ಸಾಮಾನ್ಯರ ಹಾಸಿಗೆ

ಫುತೋನ್ ಎಲ್ಲ ವರ್ಗಗಳ ಮನೆಗಳನ್ನು ತಲುಪಿದ್ದು ಮೇಜಿ ಕಾಲದಿಂದೀಚೆಗೆ (1868–1912), ವಿದೇಶದ ಹತ್ತಿ ಅಗ್ಗವಾಗಿ ದೊರೆಯಲಾರಂಭಿಸಿದ ಮೇಲೆ. 1893ರಲ್ಲಿ ನಿಪ್ಪಾನ್ ಯೂಸೆನ್ ಕೈಶಾ ಎಂಬ ಹಡಗು ಸಂಸ್ಥೆಯು ಜಮ್‌ಷೇಟ್‌ಜಿ ಟಾಟಾ ಅವರ ಸಹಕಾರದೊಂದಿಗೆ ಜಪಾನ್ ಮತ್ತು ಮುಂಬಯಿಗಳ ನಡುವೆ ಹಡಗು ಸಂಚಾರವನ್ನು ಆರಂಭಿಸಿತು. ಭಾರತದ ಹತ್ತಿಯ ಸಾಗಣೆಯೇ ಅದರ ಮುಖ್ಯ ಉದ್ದೇಶವಾಗಿತ್ತು. 1896ರಲ್ಲಿ ಜಪಾನ್ ಸರಕಾರವು ಹತ್ತಿಯ ಮೇಲಿನ ಆಮದು ಸುಂಕವನ್ನು ತೆಗೆದುಹಾಕಿತು. ಇದರಿಂದ ಜಪಾನಿನ ಹತ್ತಿ ಬೇಸಾಯ ಕುಸಿಯಿತಾದರೂ ಸಾಮಾನ್ಯ ಕುಟುಂಬಗಳಿಗೆ ಹತ್ತಿಯ ಹಾಸಿಗೆ ಕೈಗೆಟಕುವಂತಾಯಿತು. ಭಾರತದ ದೇಶಿ ಹತ್ತಿಯ ಎಳೆ ಗಿಡ್ಡ ಮತ್ತು ಒರಟು. ನಯವಾದ ನೂಲಿಗೆ ಅದು ಒಗ್ಗದು. ಆದರೆ ಒತ್ತಿದರೆ ಮರಳಿ ಪುಟಿಯುವ ಗುಣದಿಂದಾಗಿ ಹಾಸಿಗೆಗೆ ತುಂಬಲು ಅದು ಉತ್ತಮವೆನಿಸಿದೆ.

ದೈನಂದಿನ ಬಳಕೆ

ಬೆಳಗ್ಗೆ ಎದ್ದ ಮೇಲೆ ಹಾಸಿಗೆಯ ಬೆಚ್ಚಗಿನ ತೇವ ಆರಲು ಸ್ವಲ್ಪ ಹೊತ್ತು ಬಿಟ್ಟು, ಅನಂತರ ಮಡಚಿ 'ಓಶಿಇರೆ' ಎಂಬ ಗೋಡೆಗೂಡಿನಲ್ಲಿ ಇಡಲಾಗುತ್ತದೆ. ಈ ಗೂಡಿಗೆ ಪಕ್ಕಕ್ಕೆ ಸರಿಯುವ ಬಾಗಿಲುಗಳೂ ನಡುವೆ ಒಂದು ಅಟ್ಟಣೆಯೂ ಇರುತ್ತವೆ. ಮಡಚಿದ ಹಾಸಿಗೆ ಹಿಡಿಸುವಷ್ಟು ಆಳವಿರುತ್ತದೆ. 'ಡೊರೆಮಾನ್' ವ್ಯಂಗ್ಯಚಿತ್ರ ಸರಣಿಯಲ್ಲಿ ಡೊರೆಮಾನ್ ರಾತ್ರಿ ಮಲಗುವುದು ಇಂಥ ಗೂಡಿನಲ್ಲಿಯೇ. ಹಾಸಿಗೆ ಒಳಗೆ ಸೇರಿದೊಡನೆ ಮಲಗುವ ಕೋಣೆಯು ಊಟದ, ಓದಿನ ಅಥವಾ ಅತಿಥಿಗಳ ಕೋಣೆಯಾಗುತ್ತದೆ. ರ್ಯೋಕಾನ್ ಎಂಬ ಸಾಂಪ್ರದಾಯಿಕ ವಸತಿಗೃಹಗಳಲ್ಲಿ ಸಂಜೆ ಸಿಬ್ಬಂದಿಯೇ ಬಂದು ಹಾಸಿಗೆ ಬಿಡಿಸುವ ಪದ್ಧತಿಯಿದೆ.

ತಂದೆತಾಯಿಗಳ ನಡುವೆ ಮಗು ಮಲಗುವ ಕ್ರಮವನ್ನು ಜಪಾನೀಯರು 'ನದಿಯ ಅಕ್ಷರದಂತೆ ಮಲಗುವುದು' ಎನ್ನುತ್ತಾರೆ. ನದಿಯನ್ನು ಸೂಚಿಸುವ ಲಿಪಿಚಿಹ್ನೆಯು ಮೂರು ಉದ್ದಗೆರೆಗಳಿಂದಾಗಿದ್ದು, ನಡುವಿನ ಗೆರೆ ಗಿಡ್ಡದು. ಬುದ್ಧನು ಪರಿನಿರ್ವಾಣದ ಸಮಯದಲ್ಲಿ ಉತ್ತರಕ್ಕೆ ತಲೆಯಿಟ್ಟು ಮಲಗಿದ್ದನೆಂಬ ನಂಬಿಕೆಯಿಂದ ಮೃತರನ್ನು ಹಾಗೆ ಮಲಗಿಸುತ್ತಾರೆ. ಆದ್ದರಿಂದ ಬದುಕಿರುವವರು ಆ ದಿಕ್ಕಿಗೆ ದಿಂಬಿಡುವುದು ಅಶುಭವೆನಿಸಿದೆ. ಉತ್ತರಕ್ಕೆ ತಲೆಯಿಟ್ಟು ಮಲಗಬಾರದೆಂಬ ನಂಬಿಕೆ ಬೇರೆ ಕಾರಣಗಳಿಂದ ಕರ್ನಾಟಕದಲ್ಲಿಯೂ ಇದೆ.

ಆರೈಕೆ

ಮಲಗಿದವರ ಮೈಯ ಬೆವರು ಹಾಸಿಗೆಯ ಮೂಲಕ ಕೆಳಗಿಳಿಯುತ್ತದೆ. ಮಂಚದ ಮೇಲಿನ ಹಾಸಿಗೆಯ ಕೆಳಗೆ ಗಾಳಿಯಾಡುತ್ತದೆ. ನೆಲದ ಮೇಲಿನ ಹಾಸಿಗೆಯಲ್ಲಿ ಆ ಅವಕಾಶವಿಲ್ಲ. ನೆಲವು ತಣ್ಣಗಿದ್ದರೆ ತಳದಲ್ಲಿ ತೇವ ಹನಿಗಟ್ಟುತ್ತದೆ. ಬೂಷ್ಟು ಮತ್ತು ಧೂಳಿನ ನುಸಿಗಳು ಹೆಚ್ಚುವುದು ಇಂಥ ತೇವದಲ್ಲಿ. ಇವೆರಡೂ ಅಲರ್ಜಿ ಮತ್ತು ಉಬ್ಬಸ ಇರುವವರಿಗೆ ತೊಂದರೆ ಕೊಡುತ್ತವೆ.

ಇದನ್ನು ತಡೆಯಲು ಒಣಹವೆಯ ದಿನಗಳಲ್ಲಿ ಹಾಸಿಗೆಯನ್ನು ಬಿಸಿಲಿಗೆ ಹಾಕುತ್ತಾರೆ. ಬೆಳಗ್ಗೆ 10ರಿಂದ ಮಧ್ಯಾಹ್ನ 3 ಗಂಟೆಯ ಒಳಗೆ, ಎರಡೂ ಮಗ್ಗುಲಿಗೆ ಒಂದೊಂದು ಗಂಟೆಯಷ್ಟು ಬಿಸಿಲು ಸಿಗುವುದು ಸೂಕ್ತವೆನ್ನಲಾಗುತ್ತದೆ. ಬಹುಮಹಡಿ ಕಟ್ಟಡಗಳ ಮೊಗಸಾಲೆಯ ಕಟಾಂಜನದ ಮೇಲೆ ಹಾಸಿಗೆಗಳು ನೇತಾಡುವುದು ಜಪಾನಿನ ನಗರಗಳಲ್ಲಿ ಸಾಮಾನ್ಯ ನೋಟ. ಬಿದಿರಿನ ಅಥವಾ ಬೆತ್ತದ ಕೋಲಿನಿಂದ ಬಡಿದು ಧೂಳು ಕೊಡವುವುದು ಹಳೆಯ ರೂಢಿ. ಬಲವಾಗಿ ಬಡಿದರೆ ಹತ್ತಿಯ ಎಳೆ ತುಂಡಾಗುವುದರಿಂದ ಈಗ ಧೂಳೆಳೆಯುವ ಯಂತ್ರದ ಬಳಕೆಯನ್ನು ಸೂಚಿಸಲಾಗುತ್ತದೆ. ಮಳೆಗಾಲಕ್ಕೆಂದು ಬಿಸಿಗಾಳಿಯ ವಿದ್ಯುತ್ ಯಂತ್ರಗಳಿವೆ.

ದಿನಗಟ್ಟಲೆ ಎತ್ತದೆ ಬಿಟ್ಟ ಹಾಸಿಗೆಗೆ ಜಪಾನೀ ಭಾಷೆಯಲ್ಲಿ 'ಮನ್ನೆನ್‌ದೊಕೊ' ಎಂಬ ಪದವಿದೆ. ಇದರ ಅಕ್ಷರಾರ್ಥ 'ಹತ್ತುಸಾವಿರ ವರ್ಷದ ಹಾಸಿಗೆ'. ಇದು ಸೋಮಾರಿತನವನ್ನು ಹಂಗಿಸುವ ಮಾತಾಗಿದ್ದರೂ, ಅದರ ಹಿಂದೆ ನೆಲವೇ ಕೊಳೆಯುವ ನಿಜವಾದ ಅಪಾಯದ ಅನುಭವವಿದೆ.

ಮರುಹಿಂಜುವಿಕೆ

ಹಲವು ವರ್ಷ ಬಳಸಿದ ಹತ್ತಿ ಗಂಟುಗಟ್ಟಿ ಚಪ್ಪಟೆಯಾಗುತ್ತದೆ. ಆಗ ಹಾಸಿಗೆಯನ್ನು ಬಿಚ್ಚಿ, ಹತ್ತಿಯನ್ನು ಹಿಂಜಿ, ಕೊರತೆಯಾದಷ್ಟು ಹೊಸ ಹತ್ತಿ ಸೇರಿಸಿ, ಹೊಸ ಬಟ್ಟೆಯಲ್ಲಿ ತುಂಬುತ್ತಾರೆ. ಇದಕ್ಕೆ 'ಉಚಿನಾವೊಶಿ' ಎಂದು ಹೆಸರು. ಕರ್ನಾಟಕದಲ್ಲಿ ಪಿಂಜಾರ ಅಥವಾ ನದಾಫ ಸಮುದಾಯದವರು ಬಿಲ್ಲಿನಾಕಾರದ ಉಪಕರಣದಿಂದ ಹತ್ತಿ ಹಿಂಜಿ ಹಾಸಿಗೆಗಳನ್ನು ಹೊಸದುಮಾಡಿಕೊಡುತ್ತಿದ್ದುದೂ ಇದೇ ಬಗೆಯ ಕಸುಬು. ಸಂಶ್ಲೇಷಿತ ನಾರಿನ ಮತ್ತು ಫೋಮಿನ ಅಗ್ಗದ ಹಾಸಿಗೆಗಳು ಬಂದಮೇಲೆ ಎರಡು ದೇಶಗಳಲ್ಲಿಯೂ ಈ ಕಸುಬು ಕ್ಷೀಣಿಸಿದೆ. ಹತ್ತಿಯ ಹಾಸಿಗೆ ಮರುಹುಟ್ಟು ಪಡೆಯುತ್ತಿತ್ತು. ಹೊಸ ಬಗೆಯ ಹಾಸಿಗೆ ಸವೆದ ಮೇಲೆ ಕಸವಾಗುತ್ತದೆ.

ಆಧುನಿಕ ಜಪಾನಿನಲ್ಲಿ

ಎರಡನೆಯ ಮಹಾಯುದ್ಧದ ಸಂದರ್ಭದಲ್ಲಿ ವಾಸ್ತುತಜ್ಞ ನಿಶಿಯಾಮಾ ಉಝೋ ಅವರು ಸಾಮಾನ್ಯರ ಮನೆಗಳನ್ನು ಅಧ್ಯಯನ ಮಾಡಿ, ಜನರು ಅತಿ ಚಿಕ್ಕ ಮನೆಯಲ್ಲಿಯೂ ಊಟದ ಜಾಗವನ್ನು ಮಲಗುವ ಜಾಗದಿಂದ ಬೇರೆಯಾಗಿಡಲು ಯತ್ನಿಸುತ್ತಾರೆಂದು ತೋರಿಸಿದರು. ಯುದ್ಧಾನಂತರ 1951ರಲ್ಲಿ ಸಿದ್ಧವಾದ ಸಾರ್ವಜನಿಕ ವಸತಿಯ ಮಾದರಿ ನಕಾಶೆಯಲ್ಲಿ ಈ ತತ್ತ್ವವನ್ನು ಅಳವಡಿಸಲಾಯಿತು. 1955ರಲ್ಲಿ ಸ್ಥಾಪಿತವಾದ ಜಪಾನ್ ವಸತಿ ನಿಗಮದ ಬಡಾವಣೆಗಳು ಮೇಜು, ಕುರ್ಚಿಗಳಿರುವ ಊಟದ ಅಡುಗೆಮನೆಯನ್ನು ಜನಪ್ರಿಯಗೊಳಿಸಿದವು. ಮಲಗುವ ಕೋಣೆಗೆ ಪ್ರತ್ಯೇಕ ಸ್ಥಾನ ದೊರೆತ ಮೇಲೆ ಕಾಲಕ್ರಮದಲ್ಲಿ ಮಂಚದ ಬಳಕೆಯೂ ಹೆಚ್ಚಿತು.

ವೃದ್ಧರ ಸಂಖ್ಯೆಯ ಏರಿಕೆ ಈ ಬದಲಾವಣೆಗೆ ಇನ್ನೊಂದು ಕಾರಣ. ಮಂಡಿ ಮತ್ತು ಸೊಂಟ ದುರ್ಬಲವಾದವರಿಗೆ ನೆಲದಿಂದ ಏಳುವುದೂ ಪ್ರತಿದಿನ ಹಾಸಿಗೆಯನ್ನೆತ್ತಿ ಗೂಡಿನಲ್ಲಿಡುವುದೂ ಕಠಿಣ. ಹಾಸಿಗೆ ಹಿಡಿದವರ ಆರೈಕೆ ಮಾಡುವವರಿಗೂ ನೆಲದ ಮಟ್ಟಕ್ಕೆ ಬಗ್ಗಿ ಕೆಲಸ ಮಾಡುವುದು ಬೆನ್ನಿಗೆ ಭಾರವಾಗುತ್ತದೆ. 2000ದಲ್ಲಿ ಜಾರಿಗೆ ಬಂದ ದೀರ್ಘಾವಧಿ ಆರೈಕೆ ವಿಮೆಯು ಎತ್ತರ ಬದಲಿಸಬಹುದಾದ ಆರೈಕೆಯ ಮಂಚಗಳನ್ನು ಬಾಡಿಗೆಗೆ ಪಡೆಯಲು ನೆರವಾಗುತ್ತದೆ.

ಪಾಶ್ಚಾತ್ಯ ಫುಟಾನ್

1970 ಮತ್ತು 1980ರ ದಶಕಗಳಲ್ಲಿ ಅಮೆರಿಕ ಮತ್ತು ಯುರೋಪುಗಳಲ್ಲಿ ಫುತೋನ್ ಅಗ್ಗದ, ಸರಳವಾದ ಹಾಸಿಗೆಯಾಗಿ ಯುವಜನರ ಮೆಚ್ಚುಗೆ ಗಳಿಸಿತು. ಬಾಸ್ಟನ್ ಪ್ರದೇಶದ ಪೀಠೋಪಕರಣ ವಿನ್ಯಾಸಕಾರ ವಿಲಿಯಂ ಬ್ರೌವರ್ 1980ರ ದಶಕದಲ್ಲಿ ರೂಪಿಸಿದ ಮಡಚುವ ಮರದ ಚೌಕಟ್ಟು ಹಗಲಲ್ಲಿ ಸೋಫಾ, ರಾತ್ರಿಯಲ್ಲಿ ಹಾಸಿಗೆ ಆಗುತ್ತಿತ್ತು. ಮುಂದೆ ಹಾಸಿಗೆಯು ಫೋಮ್ ಸೇರಿ ದಪ್ಪವಾಯಿತು; ತೂಕ ಹೆಚ್ಚಿ, ಎತ್ತಿಡುವ ವಸ್ತುವಾಗಿ ಉಳಿಯಲಿಲ್ಲ. ನೆಲದಿಂದ ಮೇಲೇರಿದ್ದರಿಂದ ಬೂಷ್ಟಿನ ಸಮಸ್ಯೆ ಕಡಿಮೆಯಾಯಿತು. ಆದರೆ ಕೋಣೆಯನ್ನು ಹಗಲಲ್ಲಿ ಪೂರ್ಣವಾಗಿ ತೆರವುಗೊಳಿಸುವ ಮೂಲ ಗುಣವೂ ಹೋಯಿತು.

ತತಾಮಿಯಿಲ್ಲದ ನೆಲದಲ್ಲಿ ಬಳಕೆ

ಹೆಂಚು, ಕಲ್ಲು ಅಥವಾ ಸಿಮೆಂಟಿನ ನೆಲವು ತೇವವನ್ನು ಹೀರುವುದಿಲ್ಲ. ಇಂಥ ಮನೆಗಳಲ್ಲಿ ಹಾಸಿಗೆಯ ಕೆಳಗೆ 'ಸುನೊಕೊ' ಎಂಬ, ಸಂದುಬಿಟ್ಟು ಜೋಡಿಸಿದ ಮರದ ಪಟ್ಟಿಗಳ ತಳಹಾಸನ್ನು ಇಡಲಾಗುತ್ತದೆ. ತಳಹಾಸು ಇದ್ದರೂ ಹಾಸಿಗೆಯನ್ನು ಪ್ರತಿದಿನ ಎತ್ತುವುದು ಅಗತ್ಯ. ಮಳೆ ಹೆಚ್ಚಿರುವ ಕರಾವಳಿ ಮತ್ತು ಮಲೆನಾಡಿನಂತಹ ಪ್ರದೇಶಗಳಲ್ಲಿ ಈ ಎಚ್ಚರಿಕೆ ಮತ್ತಷ್ಟು ಮುಖ್ಯ. ಏಳಲು ಕಷ್ಟಪಡುವ ವೃದ್ಧರಿಗೆ ನೆಲದ ಹಾಸಿಗೆ ಸೂಕ್ತವಲ್ಲ.

ಇತರ ಸಂಪ್ರದಾಯಗಳೊಂದಿಗೆ ಹೋಲಿಕೆ

ಕೊರಿಯಾದಲ್ಲಿ ಒಲೆಯ ಬಿಸಿಹೊಗೆಯನ್ನು ನೆಲದಡಿಯಲ್ಲಿ ಹಾಯಿಸಿ ಬೆಚ್ಚಗಾಗಿಸಿದ 'ಒಂದೊಲ್' ನೆಲದ ಮೇಲೆ 'ಯೊ' ಎಂಬ ತೆಳುಹಾಸಿಗೆಯನ್ನು ಹಾಸುತ್ತಾರೆ. ಕರ್ನಾಟಕದ ಮನೆಗಳಲ್ಲಿ ಚಾಪೆ, ಜಮಖಾನ, ಬೂರುಗದ ಹತ್ತಿಯ ಹಾಸಿಗೆ ಹಾಗೂ ಉತ್ತರ ಕರ್ನಾಟಕದ ಕೌದಿಗಳನ್ನು ರಾತ್ರಿ ಹಾಸಿ, ಬೆಳಗ್ಗೆ ಸುತ್ತಿ ಮೂಲೆಯಲ್ಲಿ ಒಟ್ಟುವ ಪದ್ಧತಿ ಬಹುಕಾಲದಿಂದ ಇದೆ. ಎದ್ದವರು ತಮ್ಮ ಹಾಸಿಗೆಯನ್ನು ತಾವೇ ಸುತ್ತಿಡಬೇಕೆಂಬ ಮನೆಯ ಶಿಸ್ತು ಎರಡೂ ಕಡೆ ಒಂದೇ.

ಸಾಹಿತ್ಯದಲ್ಲಿ

ತಾಯಾಮಾ ಕತಾಯಿ ಅವರ 'ಫುತೋನ್' (1907) ಎಂಬ ನೀಳ್ಗತೆಯು ಜಪಾನೀ ಸಾಹಿತ್ಯದಲ್ಲಿ ಲೇಖಕನ ಸ್ವಂತ ಬದುಕನ್ನೇ ವಸ್ತುವಾಗಿಸಿಕೊಳ್ಳುವ 'ನಾನು-ಕಾದಂಬರಿ' ಪ್ರಕಾರಕ್ಕೆ ನಾಂದಿಯಾಯಿತೆಂದು ಪರಿಗಣಿತವಾಗಿದೆ. ಮನೆಬಿಟ್ಟು ಹೋದ ಶಿಷ್ಯೆಯ ಹಾಸಿಗೆಯಲ್ಲಿ ಮುಖವಿಟ್ಟು ಕಥಾನಾಯಕನಾದ ಲೇಖಕನು ಅಳುವ ದೃಶ್ಯದೊಂದಿಗೆ ಕೃತಿಯು ಮುಗಿಯುತ್ತದೆ.

ಇವನ್ನೂ ನೋಡಿ

ತತಾಮಿ
ಕೌದಿ
ಜಮಖಾನ
ಮಂಚ